ಹಿಂದಿನಿಂದ ಅಲೆ ಬಂದಾಗ ಕೈಕೊಡುವ ಆಟೋಪೈಲಟ್: ಬದಲಿಗೆ ಯಾವುದನ್ನು ಕೊಳ್ಳಬೇಕು?

ಒಂಟಿ ನಾವಿಕ:
ನನ್ನ ಹಾಯಿದೋಣಿಯ ಆಟೋಪೈಲಟ್ ನನಗೆ ಸಾಕುಸಾಕೆನಿಸಿದೆ. ನೀರು ಶಾಂತವಾಗಿರುವಾಗ ಗೆರೆ ಎಳೆದಂತೆ ನೇರವಾಗಿ ನಡೆಸುವ ಈ ಯಂತ್ರ, ಹಿಂಬದಿಯ ಓರೆಯಿಂದ ಅಲೆಗಳು ಬರತೊಡಗಿದೊಡನೆ ದೋಣಿಯನ್ನು ಎಡಕ್ಕೂ ಬಲಕ್ಕೂ ಹೊರಳಾಡಿಸಿ ಕೊನೆಗೆ ಕೈಚೆಲ್ಲಿಬಿಡುತ್ತದೆ. ರಾತ್ರಿಯ ಪಾಳಿಯಲ್ಲಿ ಒಬ್ಬನೇ ಇರುವವನು ಹಾಯಿಯನ್ನು ನೋಡಿಕೊಳ್ಳಬೇಕೇ, ಚುಕ್ಕಾಣಿಯನ್ನು ಹಿಡಿಯಬೇಕೇ? ದೂರದ ಯಾನಕ್ಕೆ ನಂಬಬಹುದಾದ ಆಟೋಪೈಲಟ್ ಯಾವುದು? ಉಪದೇಶ ಬೇಡ, ಮಾದರಿಯ ಹೆಸರನ್ನಷ್ಟೇ ತಿಳಿಸಿ.

ತಾಮ್ರದ ತಂತಿ:
ಹಣ ಸುರಿಯುವ ಮೊದಲು ವೈರಿಂಗ್ ಪರೀಕ್ಷಿಸಿ. ಮೋಟಾರು ಜೋರಾಗಿ ದುಡಿಯುವ ಗಳಿಗೆಯಲ್ಲಿ 15 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಬ್ಯಾಟರಿಯಿಂದ ಅಲ್ಲಿಗೆ 6 ಮೀಟರ್ ದೂರವಿದ್ದರೆ, ಹೋಗಿ ಬರುವ ತಂತಿಯ ಉದ್ದ 12 ಮೀಟರ್ ಆಗುತ್ತದೆ. 2.5 ಚದರ ಮಿಲಿಮೀಟರ್ ದಪ್ಪದ ತಂತಿಯಾದರೆ ಸುಮಾರು 1.2 ವೋಲ್ಟ್ ದಾರಿಯಲ್ಲೇ ನಷ್ಟವಾಗುತ್ತದೆ. 10 ಚದರ ಮಿಲಿಮೀಟರ್ ತಂತಿಯಲ್ಲಿ ಆ ನಷ್ಟ 0.3 ವೋಲ್ಟ್ ಮಾತ್ರ. ನಿಮ್ಮದು ವೋಲ್ಟೇಜಿನ ರೋಗವೇ, ಸಂಶಯವಿಲ್ಲ.

ಗಾಳಿಯಲಗು:
ವಿದ್ಯುತ್ತಿನ ಗೊಡವೆಯೇ ಬೇಡವೆಂದರೆ, ಗಾಳಿಯ ಬಲದಿಂದಲೇ ಚುಕ್ಕಾಣಿ ನಡೆಸುವ ವಿಂಡ್‌ವೇನ್ ಹಾಕಿಸಿ. 1960ರಲ್ಲಿ ನಡೆದ ಮೊದಲ ಏಕಾಂಗಿ ಅಟ್ಲಾಂಟಿಕ್ ಸ್ಪರ್ಧೆಯಲ್ಲಿ ಬ್ಲಾಂಡಿ ಹಾಸ್ಲರ್ ಅವರು ‘ಜೆಸ್ಟರ್’ ದೋಣಿಯನ್ನು ವೇನ್‌ನಿಂದಲೇ ದಾಟಿಸಿದ್ದರು. ಗಾಳಿ ಬಲವಾದಷ್ಟೂ ಅದರ ಬಲವೂ ಹೆಚ್ಚುತ್ತದೆ. ನನ್ನ ದೋಣಿಯಲ್ಲಿರುವ ಹೈಡ್ರೋವೇನ್ ಎಂಬ ವೇನ್‌ಗೆ ಪ್ರತ್ಯೇಕ ಚುಕ್ಕಾಣಿಯೇ ಇದೆ. ಮುಖ್ಯ ಚುಕ್ಕಾಣಿ ಮುರಿದರೂ ದಡ ಸೇರಬಹುದು.

ತಾಮ್ರದ ತಂತಿ:
ಗಾಳಿ ಬಿದ್ದುಹೋಗಿ ಎಂಜಿನ್ ಹಾಕಿದಾಗ ತಮ್ಮ ವೇನ್ ಏನು ಮಾಡುತ್ತದೆ, ಸ್ವಾಮಿ? ಹಗುರ ಗಾಳಿಯಲ್ಲಿ ಅದೇ ದಿಕ್ಕಿಗೆ ಸಾಗುವಾಗಲೂ ದೋಣಿಗೆ ತಾಗುವ ಗಾಳಿ ಕುಗ್ಗಿ ಅದು ಮಂಕಾಗುತ್ತದೆ.

ಗಾಳಿಯಲಗು:
ಆಗ ವೇನ್‌ಗೆ ಚಿಕ್ಕದೊಂದು ಟಿಲ್ಲರ್ ಪೈಲಟ್ (ಟಿಲ್ಲರ್ ಎಂಬ ಚುಕ್ಕಾಣಿಯ ಹಿಡಿಕೋಲನ್ನು ತಳ್ಳಿ ಎಳೆಯುವ ವಿದ್ಯುತ್ ಯಂತ್ರ) ಜೋಡಿಸಿದರಾಯಿತು. ಬಳಸಿ ನೋಡದವರೇ ಈ ಆಕ್ಷೇಪವನ್ನು ಎತ್ತುತ್ತಾರೆ.

ಹಳೆಯ ಚುಕ್ಕಾಣಿ:
ಇಬ್ಬರೂ ಸ್ವಲ್ಪ ತಾಳಿ. ಕೇಳಿದವರು ಮುಖ್ಯವಾದುದನ್ನೇ ಹೇಳಿಲ್ಲ. ಚುಕ್ಕಾಣಿಗೆ ಚಕ್ರವಿದೆಯೇ, ಟಿಲ್ಲರ್ ಇದೆಯೇ? ಸಾಮಾನು ತುಂಬಿದ ದೋಣಿಯ ತೂಕವೆಷ್ಟು? ‘ಕೈಚೆಲ್ಲುತ್ತದೆ’ ಎಂದರೆ ಪರದೆಯೇ ಆರಿಹೋಗುತ್ತದೆಯೇ, ಅಥವಾ ದಾರಿ ತಪ್ಪಿತೆಂದು ಅಲಾರಂ ಮಾತ್ರ ಕೂಗುತ್ತದೆಯೇ?

ಒಂಟಿ ನಾವಿಕ:
ಚಕ್ರವೇ ಇರುವುದು, ಅದನ್ನು ಬೇರೆ ಹೇಳಬೇಕೆಂದು ಅನಿಸಲಿಲ್ಲ. ಆಟೋಪೈಲಟ್ ಚಕ್ರಕ್ಕೇ ಕಚ್ಚಿಕೊಳ್ಳುವ, ಒಳಗೆ ಬೆಲ್ಟ್ ಇರುವ ಬಗೆಯದು. ಕೈಪಿಡಿಯಲ್ಲಿ ಅದರ ಮಿತಿ 7.5 ಟನ್ ಎಂದಿದೆ. ದೋಣಿಯ ವಿನ್ಯಾಸದ ತೂಕ 6.5 ಟನ್, ನೀರು, ಡೀಸೆಲ್, ಲಂಗರಿನ ಸರಪಳಿ ಎಲ್ಲ ಸೇರಿದರೆ 8 ಟನ್ ಹತ್ತಿರವಾಗಬಹುದು. ಪರದೆ ಎಂದೂ ಆರಿಲ್ಲ, ಅಲಾರಂ ಮಾತ್ರ ಕೂಗುತ್ತದೆ. ಮೋಟಾರು ತಿರುಗುತ್ತಿರುವಾಗಲೇ ಅದರ ತುದಿಯಲ್ಲಿ ಮೀಟರ್ ಹಿಡಿದೆ, 12.3 ವೋಲ್ಟ್ ತೋರಿಸಿತು.

ತಾಮ್ರದ ತಂತಿ:
ಫ್ಯೂಸ್ ಹಿಡಿಕೆಯೊಳಗೆ ಹಸಿರು ಕಿಲುಬು ಹಿಡಿದಿರಬಹುದು. ಅದನ್ನೂ ಬಿಚ್ಚಿ ನೋಡಿ.

ಹಳೆಯ ಚುಕ್ಕಾಣಿ:
ಕಿಲುಬು ತಿನ್ನುವ ವೋಲ್ಟೇಜನ್ನು ಕಳೆದ ಮೇಲೆಯೇ ಆ 12.3 ಉಳಿದಿರುವುದು, ವೋಲ್ಟೇಜಿನ ಮಾತನ್ನು ಇಲ್ಲಿಗೆ ಬಿಡೋಣ. ತುಂಬಿದ ದೋಣಿ ಯಂತ್ರದ ಮಿತಿಯನ್ನೇ ಮೀರಿರುವಾಗ ಮಾದರಿಯ ಹೆಸರು ಕೇಳಿ ಪ್ರಯೋಜನವಿಲ್ಲ, ಏಕೆಂದರೆ ಅದೇ ವರ್ಗದ ಇನ್ನೊಂದು ಯಂತ್ರವೂ ಅದೇ ಅಲೆಯಲ್ಲಿ ಸೋಲುತ್ತದೆ. ಮೊದಲು ಪೈಲಟ್ಟನ್ನು ಬಿಡಿಸಿ, ದೋಣಿ ನಿಂತಿರುವಾಗ ಚಕ್ರವನ್ನು ಎರಡು ಬೆರಳಿನಿಂದ ತಿರುಗಿಸಿ. ಬಿಗಿ ಎನಿಸಿದರೆ ಚುಕ್ಕಾಣಿಯ ಬೇರಿಂಗ್ ಮೇಲೆ ಸಂಶಯಪಡಿ. ನೈಲಾನ್ ಬೇರಿಂಗ್ ನೀರು ಕುಡಿದು ಉಬ್ಬಿ ದಂಡವನ್ನು ಹಿಡಿದುಕೊಳ್ಳುತ್ತದೆ. ಹಾಯಿಯಲ್ಲಿ ಸಾಗುವಾಗ ದೋಣಿ ಸದಾ ಗಾಳಿಯತ್ತ ಮೂತಿ ತಿರುಗಿಸಲು ಎಳೆಯುತ್ತಿದ್ದರೆ ಮೇನ್‌ಸೇಲ್ ಅನ್ನು, ಅಂದರೆ ಮುಖ್ಯ ಹಾಯಿಯನ್ನು, ಬೇಗನೆ ರೀಫ್ ಮಾಡಿ ಕಿರಿದಾಗಿಸಿ. ನಿಮ್ಮ ಕೈ ಸೋಲುವ ಹಾಯಿಯಲ್ಲಿ ಆ ಸಣ್ಣ ಬೆಲ್ಟ್ ಗೆಲ್ಲಬೇಕೆಂದು ಬಯಸುವುದು ಅನ್ಯಾಯ.

ಕೊಳ್ಳುವುದೇ ಆದರೆ ಡೆಕ್ಕಿನ ಕೆಳಗೆ ಕೂತು, ನೇರವಾಗಿ ಚಾಚಿ ಮಡಚುವ ತೋಳಿನಿಂದ ಚುಕ್ಕಾಣಿ ತಿರುಗಿಸುವ ಲೀನಿಯರ್ ಡ್ರೈವ್ ಕೊಳ್ಳಿ. ತುಂಬಿದ ತೂಕಕ್ಕೆ ತಕ್ಕದ್ದಕ್ಕಿಂತ ಒಂದು ಮೆಟ್ಟಿಲು ದೊಡ್ಡದೇ ಇರಲಿ. ಅದನ್ನು ಚಕ್ರದ ಕೇಬಲ್ ಸುತ್ತುವ ಕ್ವಾಡ್ರಂಟ್‌ಗೆ ಬಿಗಿಯದೆ, ಚುಕ್ಕಾಣಿಯ ದಂಡಕ್ಕೇ ಪ್ರತ್ಯೇಕ ತೋಳು ಹಾಕಿ ಜೋಡಿಸಿ. ಕೇಬಲ್ ಕಡಿದ ದಿನ ಪೈಲಟ್ಟೇ ನಿಮ್ಮ ಎರಡನೆಯ ಚುಕ್ಕಾಣಿಯಾಗುತ್ತದೆ. ದಿಕ್ಸೂಚಿಯ ಜೊತೆಗೆ ಗೈರೋ ಇರುವ ಸಂವೇದಕವೂ ಬೇಕು: ದೋಣಿ ಹೊರಳಲು ತೊಡಗಿದ ವೇಗವನ್ನೇ ಅದು ಗುರುತಿಸುವುದರಿಂದ, ದಿಕ್ಕು ಪೂರ್ತಿ ತಪ್ಪುವ ಮೊದಲೇ ಚುಕ್ಕಾಣಿ ತಿರುಗುತ್ತದೆ. ಸಂವೇದಕವನ್ನು ಸ್ಪೀಕರಿನಿಂದಲೂ ಕಬ್ಬಿಣದ ಉಪಕರಣಗಳ ಪೆಟ್ಟಿಗೆಯಿಂದಲೂ ದೂರವಿಡಿ.

ಒಂಟಿ ನಾವಿಕ:
ಕ್ವಾಡ್ರಂಟ್ ಬಳಿ ಎಂಜಿನ್ನಿನ ಹೊಗೆಕೊಳವೆ ಅಡ್ಡ ಬಂದಿದೆ. ಡ್ರೈವ್ ಎಲ್ಲಿ ಕೂರಿಸಲಿ?

ಗಾಳಿಯಲಗು:
ದೋಣಿಯ ಹಿಂಬದಿಯ ಹಲಗೆ ಖಾಲಿ ಇದೆಯಲ್ಲ! ನನ್ನ ಮಾತು ಕೇಳಿ, ವೇನ್ ಹಾಕಿಸಿ.

ಒಂಟಿ ನಾವಿಕ:
ಖಾಲಿ ಇಲ್ಲ, ಅಲ್ಲಿ ಪುಟ್ಟ ದೋಣಿ ನೇತಾಡುತ್ತಿದೆ.

ಹಳೆಯ ಚುಕ್ಕಾಣಿ:
ಹೊಗೆಕೊಳವೆಯನ್ನು ಸರಿಸಬಹುದು. ಡ್ರೈವ್ ಕೂರುವ ಗೋಡೆ ಮಾತ್ರ ಬಾಗಬಾರದು. ತೆಳುವಾಗಿದ್ದರೆ ಹಿಂದೆ ದಪ್ಪ ಪ್ಲೈವುಡ್ ಕೊಟ್ಟು ಫೈಬರ್ ಗ್ಲಾಸ್ ಹಾಸಿ ಗಟ್ಟಿಮಾಡಿ. ದಂಡದಿಂದ ಆ ಗೋಡೆಗೆ ಎಷ್ಟು ದೂರವಿದೆ ಎಂದು ಅಳೆದು ಇಲ್ಲಿ ಬರೆಯಿರಿ.