ಸಹಾಯ ಬೇಕು: ಹೆರಿಗೆ ರಕ್ತಸ್ರಾವದ ಸಿಮ್ಯುಲೇಶನ್ ತರಬೇತಿಗೆ

ಎಲ್ಲರಿಗೂ ನಮಸ್ಕಾರ. ನಾನು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಹೆರಿಗೆ ನಂತರದ ರಕ್ತಸ್ರಾವದ ಬಗ್ಗೆ ಮುಂದಿನ ತಿಂಗಳು ಸಿಮ್ಯುಲೇಶನ್ (ಅಣಕು ಸನ್ನಿವೇಶದ) ತರಬೇತಿ, ಆಮೇಲೆ ಆಸ್ಕಿ (OSCE, ಕೆಲಸ ಮಾಡಿ ತೋರಿಸುವ ಪ್ರಾಯೋಗಿಕ) ಪರೀಕ್ಷೆ ಇದೆ.

ಮಾಮಾನಟಾಲಿ (MamaNatalie) ಎಂಬ ಹೆರಿಗೆ ಸಿಮ್ಯುಲೇಟರ್ ಯಾರ ಹತ್ತಿರವಾದರೂ ಇದೆಯಾ? ಎರಡು ದಿನ ಎರವಲು ಸಿಕ್ಕರೆ ಸಾಕು. ಅದನ್ನು ಹೊಟ್ಟೆಗೆ ಕಟ್ಟಿಕೊಂಡವರೇ ತಾಯಿಯಾಗಿ ಮಾತಾಡುತ್ತಾರೆ, ನರಳುತ್ತಾರೆ, ಕೃತಕ ರಕ್ತ ಹರಿಸುತ್ತಾರೆ. ಸುಮ್ನೆ ಮಲಗಿರುವ ಬೊಂಬೆಗಿಂತ ಎಷ್ಟೋ ವಾಸಿ, ಅಲ್ವಾ? ಕೃತಕ ರಕ್ತ ಮನೆಯಲ್ಲೇ ಮಾಡಿದವರು ವಿಧಾನವನ್ನೂ ತಿಳಿಸಿ. 500 ಮಿ.ಲೀ. ರಕ್ತ ಹಾಸಿಗೆ ಮೇಲೆ ಹೇಗೆ ಕಾಣುತ್ತದೆ ಎಂದು ವಿದ್ಯಾರ್ಥಿಗಳು ಕಣ್ಣಾರೆ ನೋಡಬೇಕು. ಎಲ್ಲರೂ ಕಡಿಮೆಯೇ ಅಂದಾಜು ಮಾಡುತ್ತಾರೆ. (ಕೃತಕ ರಕ್ತದ ಕಲೆ ಉಳಿಯದಿದ್ದರೆ ಲಾಂಡ್ರಿಯವರು ಬದುಕಿಕೊಳ್ಳುತ್ತಾರೆ!)

ಇನ್ನೊಂದು, ಇದೇ ಜಾಸ್ತಿ ಮುಖ್ಯ: ಪರೀಕ್ಷೆಯಲ್ಲಿ ಅಂಕ ಕೊಡಲು ಕನ್ನಡದ ಚೆಕ್‌ಲಿಸ್ಟ್. ನೆರವಿಗೆ ಕೂಗುವುದು, ಗರ್ಭಕೋಶ ಉಜ್ಜುವುದು, ಆಕ್ಸಿಟೋಸಿನ್ (ಗರ್ಭಕೋಶ ಬಿಗಿಯಾಗಿಸುವ ಔಷಧಿ), ಹೆರಿಗೆಯಾದ 3 ಗಂಟೆಯೊಳಗೆ 1 ಗ್ರಾಂ ಟ್ರಾನೆಕ್ಸಾಮಿಕ್ ಆಸಿಡ್ (ರಕ್ತಸ್ರಾವ ತಗ್ಗಿಸುವ ಔಷಧಿ), ಇವಕ್ಕೆ ಅಂಕ ಕೊಡುವುದು ಸುಲಭ. ತಾಯಿಗೆ ಧೈರ್ಯ ಹೇಳಿದ ರೀತಿಗೆ, ಡಾಕ್ಟರಿಗೆ ಫೋನಿನಲ್ಲಿ ವಿಷಯ ತಿಳಿಸಿದ ರೀತಿಗೆ ಹೇಗೆ ಅಂಕ ಕೊಡುತ್ತೀರಿ? ಇಬ್ಬರು ಪರೀಕ್ಷಕರ ಅಂಕ ತುಂಬಾ ಬೇರೆಯಾದರೆ ಏನು ಮಾಡುತ್ತೀರಿ?

ಫಾರ್ಮ್ಯಾಟ್ ಇದ್ದರೆ ಇಲ್ಲೇ ಹಾಕಿ.