‘ರೀಡೈರೆಕ್ಟ್’ಗೆ ‘ಮರುನಿರ್ದೇಶನ’ ಒಪ್ಪುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಒಂದು ಗ್ರಂಥಾಲಯದ ಜಾಲತಾಣಕ್ಕೆ ಕನ್ನಡದಲ್ಲಿ ಕೈಪಿಡಿ ಬರೆಯುತ್ತಿದ್ದೇನೆ. ತಾಣ ಒಂದೇ, ಹೆಸರು ಮೂರು: ಡಾಟ್ ಆರ್ಗ್, ಡಾಟ್ ಇನ್, ಡಾಟ್ ಕಾಮ್. ಡಾಟ್ ಕಾಮ್ ಎಂದು ಟೈಪಿಸಿ ಎಂಟರ್ ಒತ್ತಿದರೆ, ನೋಡನೋಡುತ್ತಲೇ ಅದು ಅಳಿದು ಡಾಟ್ ಆರ್ಗ್ ಮೂಡುತ್ತದೆ. ಇದನ್ನು ‘ಮರುನಿರ್ದೇಶನ’ ಎಂದು ಬರೆದೆ. ಓದಿದ ಗ್ರಂಥಪಾಲಕಿ ‘ಯಾವ ಸಿನಿಮಾದ್ದು?’ ಎಂದು ಕೇಳಿದರು.

ಅವರ ಮಾತು ನನ್ನನ್ನು ಬಿಡುತ್ತಿಲ್ಲ. ಮರುಮುದ್ರಣ, ಮರುಪರೀಕ್ಷೆ, ಮರುಮದುವೆಗಳಲ್ಲಿ ‘ಮರು’ ಎಂದರೆ ಇನ್ನೊಮ್ಮೆ. ಇಲ್ಲಿ ಇನ್ನೊಮ್ಮೆ ಆಗುವುದೇನೂ ಇಲ್ಲ, ‘ಇಲ್ಲಲ್ಲ, ಅಲ್ಲಿಗೆ ಹೋಗು’ ಎನ್ನುವುದಷ್ಟೇ. ಪತ್ರಿಕೆಗಳ ‘ಮಾರ್ಗ ಬದಲಾವಣೆ’ಯೂ ಸರಿಹೋಗದು. ಅಲ್ಲಿ ಬಸ್ಸು ಸುತ್ತಿಬಳಸಿ ಅದೇ ಊರು ಸೇರುತ್ತದೆ, ಇಲ್ಲಿ ಸೇರಬೇಕಾದ ವಿಳಾಸವೇ ಬೇರೆ. ‘ವರ್ಗಾವಣೆ’ ಎಂದರೆ ಡೊಮೇನನ್ನು, ಅಂದರೆ ತಾಣದ ಹೆಸರನ್ನು, ಒಬ್ಬ ನೋಂದಣಿದಾರರಿಂದ ಇನ್ನೊಬ್ಬರಿಗೆ ಒಯ್ಯುವುದೆಂದು ತಿಳಿದಾರು. ಹಳೆಯ ವಿಳಾಸ ಹೊಡೆದು ಹೊಸದನ್ನು ಗೀಚಿ ಅಂಚೆಯವರು ಕಾಗದ ಕಳುಹಿಸುತ್ತಿದ್ದ ನೆನಪಾಯಿತು. ಆದರೆ ಅಲ್ಲಿ ಕಾಗದವನ್ನು ಅವರೇ ಮುಟ್ಟಿಸುತ್ತಾರೆ. ಇಲ್ಲಿ ಸರ್ವರ್ ಹೊಸ ವಿಳಾಸ ಹೇಳಿ ಕೈತೊಳೆದುಕೊಳ್ಳುತ್ತದೆ, ಹೋಗಬೇಕಾದದ್ದು ಬ್ರೌಸರ್.

ಹತ್ತಿರ ಬರುವುದು ಮುಚ್ಚಿದ ಅಂಗಡಿಯ ಬಾಗಿಲಿನ ಫಲಕ: ‘ಅಂಗಡಿ ಸ್ಥಳಾಂತರಗೊಂಡಿದೆ’. ಹೀಗೆ ಬೇರೆಡೆ ಕಳುಹಿಸುವಾಗ ಸರ್ವರ್ ಬ್ರೌಸರ್‌ಗೆ ಕೊಡುವ 301 ಎಂಬ ಸಂಕೇತದ ಅರ್ಥವೂ ‘ಶಾಶ್ವತವಾಗಿ ಸ್ಥಳಾಂತರಗೊಂಡಿದೆ’ ಎಂದೇ. 302 ತಾತ್ಕಾಲಿಕ. ವಿಕಿಪೀಡಿಯಕ್ಕೆ ಇದು ಹೇಳಿ ಮಾಡಿಸಿದಂತಿದೆ: 2001ರಲ್ಲಿ ಡಾಟ್ ಕಾಮ್‌ನಲ್ಲಿ ಶುರುವಾಗಿ 2002ರಲ್ಲಿ ಡಾಟ್ ಆರ್ಗ್‌ಗೆ ಹೋಯಿತು, ಹಳೆಯ ಹೆಸರು ಇಂದಿಗೂ ಅತ್ತ ಕಳುಹಿಸುತ್ತದೆ. ನಮ್ಮ ಡಾಟ್ ಕಾಮ್‌ನಲ್ಲಾದರೋ ಅಂಗಡಿಯೇ ಇರಲಿಲ್ಲ! ತಪ್ಪಿ ಬಂದವರಿಗಾಗಿ ಮೊದಲ ದಿನದಿಂದಲೂ ಬರೀ ಫಲಕ. ಹೋಗದವರನ್ನು ಹೋದರೆನ್ನುವುದು ಹೇಗೆ?

ವಾಕ್ಯದಲ್ಲಿ ತೊಡಕಿಲ್ಲ, ‘ಡಾಟ್ ಕಾಮ್ ಒತ್ತಿದರೂ ಡಾಟ್ ಆರ್ಗ್‌ಗೆ ಕರೆದೊಯ್ಯುತ್ತದೆ’ ಎಂದು ಬರೆದು ಮುಗಿಸಿದ್ದೇನೆ. ತೊಡಕಿರುವುದು ನಿರ್ವಾಹಕರ ಪುಟದ ಗುಂಡಿಯಲ್ಲಿ. ಅಲ್ಲಿ ಹಿಡಿಸುವುದು ಒಂದೇ ಪದ. ‘ದಾರಿತೋರಿಕೆ’ ನನಗೆ ಹೊಳೆದದ್ದು, ಕಿವಿಗೆ ಇನ್ನೂ ಒಗ್ಗಿಲ್ಲ. ‘ರೀಡೈರೆಕ್ಟ್’ ಎಂದೇ ಬಿಡಲೇ? ಈ ಪುಟಗಳನ್ನು ದಿನವೂ ಬಳಸುವವರು ಬಾಯಲ್ಲಿ ಏನೆನ್ನುತ್ತೀರಿ?