ಸಹಾಯ ಬೇಕು: ಹಳೆಯ ಟಾಟಾ 407 ಕೊಳ್ಳುವ ಮುನ್ನ ಮೈಲೇಜ್ ಬಗ್ಗೆ ಸಲಹೆ

ಎಲ್ಲರಿಗೂ ನಮಸ್ಕಾರ. ಕೋಲಾರದ ಎಪಿಎಂಸಿಯಿಂದ ಬೆಂಗಳೂರಿಗೆ ಟೊಮೆಟೊ ಸಾಗಿಸಲು, 2020ರ ಏಪ್ರಿಲ್‌ನಲ್ಲಿ ಬಿಎಸ್-6 (ವಾಹನದ ಹೊಗೆ ಮಾಲಿನ್ಯಕ್ಕೆ ಮಿತಿ ಹಾಕುವ ನಿಯಮ) ಕಡ್ಡಾಯವಾಗುವ ಮುನ್ನ ನೋಂದಣಿಯಾದ ಟಾಟಾ 407 ಒಂದನ್ನು ಕೊಳ್ಳಬೇಕೆಂದಿದ್ದೇನೆ. ಮಾರುವವರು ಹೇಳುವ ಮೈಲೇಜ್ ಖಾಲಿ ಗಾಡಿಯದೋ ಲೋಡ್ ಗಾಡಿಯದೋ ಎಂಬುದೇ ಸ್ಪಷ್ಟವಾಗುವುದಿಲ್ಲ. ಟ್ಯಾಂಕ್ ತುಂಬಿಸಿ, ಲೋಡಿನೊಂದಿಗೆ ಓಡಿಸಿ, ಮತ್ತೆ ತುಂಬಿಸಿ ಅಳೆದ ಲೆಕ್ಕವನ್ನು ಮಾತ್ರ ನಂಬಬಹುದೆಂಬುದು ನನ್ನ ಅಭಿಪ್ರಾಯ. ಕೆ.ಆರ್. ಪುರದ ಟ್ರಾಫಿಕ್‌ನಲ್ಲಿ ಮೊದಲ, ಎರಡನೆಯ ಗೇರಿನಲ್ಲೇ ತೆವಳುವಾಗ ಮೈಲೇಜ್ ಎಷ್ಟು ಕುಸಿಯುತ್ತದೆ ಎಂಬುದನ್ನು, ಇದೇ ದಾರಿಯಲ್ಲಿ ಇಂತಹ ಗಾಡಿ ಓಡಿಸುತ್ತಿರುವವರು ದಯವಿಟ್ಟು ತಿಳಿಸಿ.

ನೋಡಿದ ಒಂದು ಗಾಡಿ ಏರಿನಲ್ಲಿ ಕಪ್ಪು ಹೊಗೆ ಉಗುಳಿತು. ಡೀಸೆಲ್ ಪೂರ್ತಿ ಉರಿಯುತ್ತಿಲ್ಲವೆಂಬುದು ಅದರಿಂದ ತಿಳಿಯುತ್ತದೆ, ಆದರೆ ಕಾರಣ ಏರ್ ಫಿಲ್ಟರೋ, ಇಂಜೆಕ್ಟರೋ, ಟರ್ಬೊವೋ ಎಂದು ಕೊಳ್ಳುವ ಮುನ್ನವೇ ಪರೀಕ್ಷಿಸಿ ಹೇಳಬಲ್ಲ ಅನುಭವಿ ಡೀಸೆಲ್ ಮೆಕ್ಯಾನಿಕ್ ಯಾರಾದರೂ ಹೊಸಕೋಟೆಯ ಆಸುಪಾಸಿನಲ್ಲಿದ್ದರೆ ಸೂಚಿಸಿ.